ಹಾಜರಿ ಪುಸ್ತಕದಲ್ಲಿ ಕಾಣದ್ದು

(ತಾಲ್ಲೂಕು ಸ್ತ್ರೀಶಕ್ತಿ ಸಂಘಗಳ ವಾರ್ಷಿಕ ಸಭೆಯಲ್ಲಿ ನಿವೃತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೊಬ್ಬರು ಆಡಿದ ಮಾತುಗಳ ಬರಹರೂಪ. ಸಂಬಂಧಪಟ್ಟ ಹೆಣ್ಣುಮಕ್ಕಳ ಕೋರಿಕೆಯಂತೆ ಊರು, ಹೆಸರುಗಳನ್ನು ಬಿಡಲಾಗಿದೆ.)



ನನ್ನ ಪರಿಚಯ ಹೇಳಿದ ತಂಗಿ, 'ಮೇಡಂ ಮೂವತ್ತೆರಡು ವರ್ಷ ಹೆಣ್ಣುಮಕ್ಕಳ ಸೇವೆ ಮಾಡಿದವರು' ಎಂದರು. ಆ ಮಾತನ್ನು ಸ್ವಲ್ಪ ತಿದ್ದಬೇಕು. ನಾನು ಮಾಡಿದ್ದು ನೌಕರಿ. ತಿಂಗಳ ಕೊನೆಗೆ ಸಂಬಳ ತೆಗೆದುಕೊಂಡಿದ್ದೇನೆ, ಈಗ ಪಿಂಚಣಿ ತೆಗೆದುಕೊಳ್ಳುತ್ತಿದ್ದೇನೆ. ಸೇವೆ ಎಂದುಬಿಟ್ಟರೆ ನಾವು ಮಾಡಿದ ತಪ್ಪುಗಳನ್ನು ಯಾರೂ ಕೇಳುವುದಿಲ್ಲ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಆ ತಪ್ಪುಗಳನ್ನೇ.

1987ರಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿ ಇಲಾಖೆಗೆ ಸೇರಿದೆ. 1999ರಲ್ಲಿ ಸಿ.ಡಿ.ಪಿ.ಒ. ಆದೆ. ಅಂಗನವಾಡಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು; ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ನಾನು ಅಧಿಕಾರಿಯಾದ ತಾಲ್ಲೂಕಿನಲ್ಲಿ ಇನ್ನೂರಕ್ಕೂ ಹೆಚ್ಚು ಕೇಂದ್ರಗಳು, ಎಂಟು ಜನ ಮೇಲ್ವಿಚಾರಕಿಯರು, ಇಬ್ಬರು ಗುಮಾಸ್ತರು, ಒಂದು ಜೀಪು. ಜೀಪು ಅರ್ಧ ವರ್ಷ ವರ್ಕ್‌ಶಾಪಿನಲ್ಲಿರುತ್ತಿತ್ತು, ಆ ಮಾತು ಬೇರೆ.

ಅಧಿಕಾರಿಯ ಕೆಲಸವೆಂದರೆ ಏನೆಂದು ನೀವು ತಿಳಿದಿದ್ದೀರೋ ನನಗೆ ಗೊತ್ತಿಲ್ಲ. ನಾನು ಮಗುವನ್ನು ಎತ್ತಿ ತೂಕ ಮಾಡಲಿಲ್ಲ, ಬಸುರಿಗೆ ಊಟ ಬಡಿಸಲಿಲ್ಲ. ಅದನ್ನೆಲ್ಲ ಮಾಡಿದವರು ಕಾರ್ಯಕರ್ತೆ, ಸಹಾಯಕಿಯರು. ಅವರು ಮಾಡಿದರೋ ಇಲ್ಲವೋ ಎಂದು ಕಾಗದದಲ್ಲಿ ನೋಡುವುದು ನನ್ನ ಕೆಲಸ. ಅಕ್ಕಿ ಎಷ್ಟು ಬಂತು, ಎಷ್ಟು ಬೆಂದಿತು. ಮಕ್ಕಳು ಎಷ್ಟು, ತೂಕ ಎಷ್ಟು. ಕೇಂದ್ರ ಎಷ್ಟು ದಿನ ತೆರೆಯಿತು. ಪ್ರತಿ ತಿಂಗಳೂ ಪ್ರಗತಿ ವರದಿ ಜಿಲ್ಲೆಗೆ ಹೋಗಬೇಕು. ಜಿಲ್ಲಾ ಸಭೆಯಲ್ಲಿ ಯಾವ ಅಂಕಿ ಕೇಳುತ್ತಾರೋ ಆ ಕೆಲಸ ನಡೆಯುತ್ತದೆ, ಕೇಳದಿದ್ದದ್ದು ಮೂಲೆ ಸೇರುತ್ತದೆ. ನಾನು ಕುಳಿತ ಅಷ್ಟು ಸಭೆಗಳಲ್ಲಿ, 'ನಿಮ್ಮ ಕಾರ್ಯಕರ್ತೆಯರಲ್ಲಿ ಎಷ್ಟು ಜನ ಮನೆಯಲ್ಲಿ ಹೊಡೆತ ತಿನ್ನುತ್ತಿದ್ದಾರೆ' ಎಂದು ಯಾರೂ ಕೇಳಲಿಲ್ಲ. ಹಾಗಾಗಿ ನಾನೂ ಕೇಳಿಕೊಳ್ಳಲಿಲ್ಲ.

2001ರ ಮಾತು. ಒಂದು ಹಟ್ಟಿಯ ಕೇಂದ್ರದ ಕಾರ್ಯಕರ್ತೆ ಒಂದೇ ತಿಂಗಳಲ್ಲಿ ಒಂಬತ್ತು ದಿನ ಗೈರು. ಅದರ ಹಿಂದಿನ ತಿಂಗಳು ಐದು ದಿನ. ಮೇಲ್ವಿಚಾರಕಿ ವರದಿ ಕಳಿಸಿದರು. ನಾನು ಕಾರಣ ಕೇಳುವ ನೋಟಿಸಿಗೆ ಸಹಿ ಹಾಕಿದೆ. ಅಂಥ ನೋಟಿಸುಗಳು ತಿಂಗಳಿಗೆ ಹತ್ತಾದರೂ ಹೋಗುತ್ತಿದ್ದವು, ಅಚ್ಚು ಹಾಕಿಸಿ ಇಟ್ಟುಕೊಂಡಿದ್ದೆವು, ಹೆಸರು ಬರೆದರೆ ಸಾಕು. ಏಳು ದಿನದೊಳಗೆ ಉತ್ತರ ಬಂತು. 'ಆರೋಗ್ಯ ಸರಿ ಇರಲಿಲ್ಲ, ಕ್ಷಮಿಸಬೇಕು.' ವೈದ್ಯರ ಚೀಟಿ ಇರಲಿಲ್ಲ. ಒಂಬತ್ತು ದಿನದ ಗೌರವಧನ ಹಿಡಿದೆ.

ಆ ಉತ್ತರ ಆಕೆಯ ಕೈಬರಹದಲ್ಲಿ ಇರಲಿಲ್ಲ. ಅವಳು ತುಂಬಿದ ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ, ಮನೆ ಭೇಟಿ ಪುಸ್ತಕ ಎಲ್ಲವೂ ನನ್ನ ಕಚೇರಿಗೆ ಬಂದು ಹೋಗುತ್ತಿದ್ದವು. ದುಂಡಗಿನ ಅಕ್ಷರ. ಉತ್ತರದ ಅಕ್ಷರ ಬೇರೆ, ಕೆಳಗಿನ ಸಹಿ ಮಾತ್ರ ಅವಳದು. ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿದ್ದರೆ ಎಳೆ ಮಗುವಿಗೂ ತಿಳಿಯುತ್ತಿತ್ತು. ನಾನು ನೋಡಲಿಲ್ಲ.

ಮುಂದಿನ ತಿಂಗಳು ಆ ಕೇಂದ್ರದ ಸಹಾಯಕಿ ಕಚೇರಿಗೆ ಬಂದಳು. ವಯಸ್ಸಾದ ಹೆಂಗಸು. ಬಸ್ಸು ತಪ್ಪಿಹೋಗಿ ನಡೆದೇ ಬಂದಿದ್ದಳು, ಸೊಂಟದಲ್ಲಿ ಕೇಂದ್ರದ ಬೀಗದ ಕೈ. ಒಳಗೆ ಕರೆದರೂ ಬರಲಿಲ್ಲ. ಹೊರಗಿನ ಜಗಲಿಯ ಮೇಲೆ ಕುಳಿತು ಮುಖ ನೋಡದೆ ಹೇಳಿದಳು: "ಅಮ್ಮಾ, ನೀವು ಸಂಬಳ ಹಿಡ್ಕಂಡ್ರಿ. ಅವ್ನು ಜುಟ್ಟು ಹಿಡ್ಕಂಡ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮದುವೆಯಲ್ಲಿ ಮಾತಾಗಿದ್ದ ಹಣದಲ್ಲಿ ಒಂದಿಷ್ಟು ಬಾಕಿ ಇತ್ತಂತೆ. ಆ ಬಾಕಿ ತೀರುವವರೆಗೆ ಅವಳ ಗೌರವಧನ ಗಂಡನ ಕೈಗೆ ಹೋಗಬೇಕೆಂದು ಮನೆಯಲ್ಲಿ ತೀರ್ಮಾನ. ಮುಖದ ಮೇಲೆ ಬಾವು ಇದ್ದ ದಿನ ಅವಳು ಕೇಂದ್ರಕ್ಕೆ ಬರುತ್ತಿರಲಿಲ್ಲ. ಬರದ ದಿನಕ್ಕೆ ನಾನು ಹಣ ಹಿಡಿದೆ. ಹಣ ಕಡಿಮೆ ಬಂದದ್ದಕ್ಕೆ ಅವನು ಮತ್ತೆ ಹೊಡೆದ. ನನ್ನ ಸಹಿ ಅವಳ ಮನೆಯೊಳಗೆ ಹೋಗಿ ಮಾಡಿದ ಕೆಲಸ ಇದು.

ಮಾರನೆಯ ದಿನ ಹೋದೆ. ಎಡಗೈಗೆ ಪಟ್ಟಿ ಕಟ್ಟಿತ್ತು. ಆಸ್ಪತ್ರೆಯ ಚೀಟಿಯಲ್ಲಿ 'ಬಚ್ಚಲಲ್ಲಿ ಜಾರಿ ಬಿದ್ದು' ಎಂದು ಬರೆದಿತ್ತು. ಅವಳೂ ಅದನ್ನೇ ಹೇಳಿದಳು, ಅತ್ತೆ ಬಾಗಿಲಲ್ಲಿ ನಿಂತಿದ್ದರಲ್ಲ. ಕೇಂದ್ರಕ್ಕೆ ಕರೆದುಕೊಂಡು ಹೋಗಿ ದಾಸ್ತಾನು ನೋಡುವ ನೆಪದಲ್ಲಿ ಬಾಗಿಲು ಹಾಕಿದ ಮೇಲೆ ಅತ್ತಳು. ನಾನು ಬುದ್ಧಿವಂತಿಕೆ ತೋರಿಸಲು ಹೋದೆ. "ತವರಿಗೆ ಹೋಗಿಬಿಡಮ್ಮ, ಯಾಕೆ ಇಲ್ಲಿ ಸಾಯುತ್ತೀ" ಎಂದೆ. ಅವಳು ಕಣ್ಣೊರೆಸಿಕೊಂಡು, "ಮೇಡಂ, ಈ ಊರು ಬಿಟ್ಟರೆ ಕೆಲಸ ಹೋಗಲ್ವಾ?" ಎಂದಳು.

ಹೋಗುತ್ತಿತ್ತು. ಅಂಗನವಾಡಿ ಕಾರ್ಯಕರ್ತೆ ಅದೇ ಊರಿನವಳಾಗಿರಬೇಕು, ಅಲ್ಲೇ ವಾಸವಿರಬೇಕು ಎಂಬುದು ನೇಮಕದ ಷರತ್ತು. ಮದುವೆಯಾದವಳಿಗೆ ಊರು ಎಂದರೆ ಗಂಡನ ಊರು. ಊರಿನ ಮಕ್ಕಳಿಗೆ ಊರಿನವಳೇ ಇರಲಿ ಎಂದು ಒಳ್ಳೆಯ ಉದ್ದೇಶಕ್ಕೆ ಮಾಡಿದ ನಿಯಮ. ಅದೇ ಅವಳನ್ನು ಆ ಮನೆಯ ಕಂಬಕ್ಕೆ ಕಟ್ಟಿತ್ತು. ಆ ನಿಯಮ ನನಗೆ ಬಾಯಿಪಾಠ ಇತ್ತು. ಅದಕ್ಕೆ ಈ ಮುಖವೂ ಇದೆ ಎಂದು ಅವಳು ಹೇಳಬೇಕಾಯಿತು.

ಆಗ ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ಹಿಡಿದ ಹಣ ಕೊಡಿಸಿದೆ. ಗೌರವಧನ ಅವಳ ಒಬ್ಬಳ ಹೆಸರಿನ ಬ್ಯಾಂಕು ಖಾತೆಗೇ ಹೋಗುವಂತೆ ಮಾಡಿದೆ, ಪಾಸ್‌ಬುಕ್ಕು ಸಹಾಯಕಿಯ ಮನೆಯಲ್ಲಿ. ಅತ್ತೆ ಮಾವನನ್ನು ಕೂರಿಸಿಕೊಂಡು ಮಾತಾಡಿದೆ, ಅವರು ತಲೆ ಅಲ್ಲಾಡಿಸಿ ಕಾಫಿ ಕೊಟ್ಟರು. ಕಾನೂನಿನಲ್ಲಿ ಆಗ ಇದ್ದದ್ದು ಪೊಲೀಸು ಠಾಣೆ, 498ಎ ಕಲಂ. ಗಂಡನನ್ನು ಜೈಲಿಗೆ ಕಳಿಸಿ ಅದೇ ಮನೆಯಲ್ಲಿ ಹೇಗೆ ಇರಲಿ ಎಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಉತ್ತರ ಬಂದದ್ದು 2006ರ ಅಕ್ಟೋಬರ್ 26ರಂದು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ಜಾರಿಗೆ ಬಂದ ದಿನ ಅದು. ಆ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಎಂಬ ಹುದ್ದೆ ಇದೆ. ನಮ್ಮ ರಾಜ್ಯದಲ್ಲಿ ಸಿ.ಡಿ.ಪಿ.ಒ.ಗಳಿಗೇ ಆ ಜವಾಬ್ದಾರಿ ಕೊಟ್ಟರು. ಸಂಬಳ ಅದೇ, ಗುಮಾಸ್ತರು ಅಷ್ಟೇ, ಜೀಪು ಅದೇ. ಒಂದೇ ಕುರ್ಚಿಯಲ್ಲಿ ಎರಡು ಟೋಪಿ. ನಮ್ಮಲ್ಲಿ ಹಲವರು ಗೊಣಗಿದೆವು, ನಾನೂ ಗೊಣಗಿದೆ.

ಕಾಯ್ದೆ ಓದಿದಾಗ ಮಾತ್ರ ನನಗೆ ಆ ಹಟ್ಟಿಯ ಕಾರ್ಯಕರ್ತೆಯೇ ಎದುರಿಗೆ ಬಂದು ಕುಳಿತಂತೆ ಆಯಿತು. ಮನೆ ಯಾರ ಹೆಸರಿನಲ್ಲೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಣ್ಣಿಗಿದೆ ಎಂದು 17ನೇ ಕಲಂ ಹೇಳುತ್ತದೆ. ಅವಳನ್ನು ಹೊರಗೆ ಹಾಕಬಾರದು ಎಂದೂ, ಬೇಕಾದರೆ ಗಂಡನೇ ಹೊರಗೆ ಹೋಗಬೇಕು ಎಂದೂ 19ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಅಂದರೆ ಊರು ಬಿಡದೆ, ಕೆಲಸ ಬಿಡದೆ, ಗಂಡನನ್ನು ಜೈಲಿಗೂ ಕಳಿಸದೆ, 'ಹೊಡೆಯಬೇಡ' ಎಂದು ನ್ಯಾಯಾಲಯದಿಂದ ಹೇಳಿಸಬಹುದು. ಆ ಆದೇಶ ಮೀರಿದರೆ ಮಾತ್ರ ಅಪರಾಧ: ಒಂದು ವರ್ಷದವರೆಗೆ ಸೆರೆ, ಇಲ್ಲವೆ 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಅವಳಿಗೆ ಓದಿ ಹೇಳಿದೆ. ಎರಡು ವರ್ಷ ಸುಮ್ಮನಿದ್ದಳು. 2008ರಲ್ಲಿ ಒಂದು ದಿನ ತಾನೇ ಬಂದು, "ಬರಕೊಳ್ಳಿ ಮೇಡಂ" ಎಂದಳು. ಕೌಟುಂಬಿಕ ಘಟನಾ ವರದಿ ಎಂಬ ನಮೂನೆ ಇದೆ. ಯಾವಾಗ, ಎಲ್ಲಿ, ಏನಾಯಿತು, ಯಾವ ಹಣ ಕೇಳಿದರು, ಒಡವೆ ಎಲ್ಲಿದೆ ಎಂದು ಸಾಲುಸಾಲಾಗಿ ಕೇಳುತ್ತದೆ. ತುಂಬಲು ಮೂರು ಗಂಟೆ ಹಿಡಿಯಿತು. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ತೀರ್ಮಾನ ಅರವತ್ತು ದಿನದೊಳಗೆ ಮಾಡಲು ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ನಮಗೆ ಹನ್ನೊಂದು ತಿಂಗಳಾಯಿತು. ಆದರೆ ಮಧ್ಯಂತರ ಆದೇಶ ಬೇಗ ಸಿಕ್ಕಿತು. ಅವಳು ಅದೇ ಮನೆಯ ಮುಂದಿನ ಕೋಣೆಯಲ್ಲಿ ಉಳಿದಳು, ಬೇರೆ ಒಲೆ ಹಚ್ಚಿದಳು. ಒಂಬತ್ತು ಗಂಟೆಗೆಲ್ಲ ಕೇಂದ್ರದ ಬಾಗಿಲು ತೆರೆಯುತ್ತಿದ್ದಳು. ಗಂಡ ಹೆಂಡತಿ ಚೆನ್ನಾಗಿದ್ದಾರೆ ಎಂದು ನಾನು ಹೇಳಲಾರೆ. ಅವನು ಅವಳ ಮೈ ಮುಟ್ಟಲಿಲ್ಲ, ಅಷ್ಟು ಗೊತ್ತು.

ಇಲ್ಲಿಗೇ ನಿಲ್ಲಿಸಿದರೆ ನೀವು ಚಪ್ಪಾಳೆ ತಟ್ಟುತ್ತೀರಿ. ಇನ್ನೊಂದು ಹೇಳಬೇಕಾಗಿದೆ.

2010ರ ಮಾರ್ಚ್. ಸರ್ಕಾರಿ ಕಚೇರಿಯಲ್ಲಿ ಮಾರ್ಚ್ ಎಂದರೆ ಏನೆಂದು ನಿಮ್ಮಲ್ಲಿ ಕಚೇರಿಗೆ ಅಲೆದವರಿಗೆ ಗೊತ್ತು. ವರ್ಷದ ಹಣ ಆ ತಿಂಗಳೊಳಗೆ ಖರ್ಚಾಗಬೇಕು, ಬಿಲ್ಲು ಖಜಾನೆ ಸೇರಬೇಕು. ರಾತ್ರಿ ಎಂಟಾದರೂ ದೀಪ ಉರಿಯುತ್ತದೆ. ಆ ತಿಂಗಳ ಮೊದಲ ವಾರ ಒಬ್ಬ ಹುಡುಗಿ, ಮದುವೆಯಾಗಿ ಮೂರು ವರ್ಷದವಳು, ಅಣ್ಣನ ಜೊತೆ ಬಂದು ಅರ್ಜಿ ಕೊಟ್ಟಳು. ನಾನು ಜಿಲ್ಲಾ ಸಭೆಗೆ ಹೋಗಿದ್ದೆ. ಗುಮಾಸ್ತರು ಅರ್ಜಿಗೆ ದಿನಾಂಕದ ಸೀಲು ಹೊಡೆದು, ಟಪಾಲು ಪುಸ್ತಕದಲ್ಲಿ ನಮೂದಿಸಿ, 'ಇತರೆ' ಎಂಬ ಕಡತದಲ್ಲಿಟ್ಟರು. ಅವರ ತಪ್ಪಲ್ಲ. ಅಂಥ ಅರ್ಜಿಗೆ ಬೇರೆ ಕಡತ ಇಡಿ ಎಂದು ನಾನು ಹೇಳಿರಲಿಲ್ಲ. ಮೇಡಂ ಫೋನು ಮಾಡುತ್ತಾರೆ ಎಂದು ಹೇಳಿ ಕಳಿಸಿದರು. ಹತ್ತೊಂಬತ್ತು ದಿನ ನಾನು ಆ ಕಡತ ತೆರೆಯಲಿಲ್ಲ.

ಇಪ್ಪತ್ತನೆಯ ದಿನ ತಹಸೀಲ್ದಾರರ ಕಚೇರಿಯಿಂದ ಫೋನು. ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತರೆ ಶವ ತನಿಖೆಗೆ ತಹಸೀಲ್ದಾರರೇ ಬರುತ್ತಾರೆ, ನಿಮಗೆ ಗೊತ್ತಿರಬಹುದು. ಸ್ಟೌ ಸಿಡಿಯಿತು ಎಂದು ಮನೆಯವರ ಹೇಳಿಕೆ. ಹುಡುಗಿಯ ಅಣ್ಣ, 'ಸಿ.ಡಿ.ಪಿ.ಒ. ಆಫೀಸಿಗೆ ಅರ್ಜಿ ಕೊಟ್ಟಿದ್ದೆವು' ಎಂದು ಹೇಳಿದ್ದ. ಅರ್ಜಿ ಹುಡುಕಿ ತೆಗೆದೆ. ಎರಡು ಪುಟ, ನಮ್ಮ ಸೀಲು. ಅದರ ಕೊನೆಯ ಸಾಲು ನಿಮಗೆ ಹೇಳುವುದಿಲ್ಲ. ಅದು ಅವಳದು.

ಸಂರಕ್ಷಣಾಧಿಕಾರಿ ಮ್ಯಾಜಿಸ್ಟ್ರೇಟರ ಸಂರಕ್ಷಣಾ ಆದೇಶದಂತೆ ಮಾಡಬೇಕಾದ ಕೆಲಸವನ್ನು ಸಾಕಷ್ಟು ಕಾರಣವಿಲ್ಲದೆ ಮಾಡದಿದ್ದರೆ ಅವರಿಗೇ ಸೆರೆವಾಸ, ದಂಡ ವಿಧಿಸಲು 33ನೇ ಕಲಂ ಇದೆ. ಅವಳ ವಿಷಯದಲ್ಲಿ ಆದೇಶವೇ ಇರಲಿಲ್ಲ. ಇರಲಿಲ್ಲ ಯಾಕೆ? ವರದಿಯನ್ನೇ ನಾನು ನ್ಯಾಯಾಲಯಕ್ಕೆ ಕಳಿಸಿರಲಿಲ್ಲ. ಹಾಗಾಗಿ ಕಾನೂನಿನ ಕೈ ನನ್ನವರೆಗೆ ಬರಲಿಲ್ಲ. ಮೇಲಿನವರು ಒಂದು ವಿವರಣೆ ಕೇಳಿದರು. ಕೆಲಸದ ಒತ್ತಡ ಎಂದು ಬರೆದುಕೊಟ್ಟೆ, ಒಪ್ಪಿಕೊಂಡರು. ಹಟ್ಟಿಯ ಕಾರ್ಯಕರ್ತೆ 'ಆರೋಗ್ಯ ಸರಿ ಇರಲಿಲ್ಲ' ಎಂದದ್ದನ್ನು ನಾನು ಒಪ್ಪಿರಲಿಲ್ಲ. ನನ್ನ ಮಾತನ್ನು ಮಾತ್ರ ಒಂದೇ ಸಾರಿಗೆ ಒಪ್ಪಿದರು.

ಅಂದಿನಿಂದ ಕೆಂಪು ರಟ್ಟಿನ ಒಂದು ಪುಸ್ತಕ ತಂದು ನನ್ನ ಮೇಜಿನ ಮೇಲೆ ಇಟ್ಟುಕೊಂಡೆ. ದೌರ್ಜನ್ಯದ ಅರ್ಜಿ ಯಾವ ದಿನ ಬಂದರೂ ಅದರಲ್ಲಿ ಮೊದಲು ಬರೆಯಬೇಕು, ಸಂಜೆಯೊಳಗೆ ಯಾರಾದರೂ ಆಕೆಯ ಜೊತೆ ಮಾತಾಡಿರಬೇಕು. ವೃತ್ತದ ಮಾಸಿಕ ಸಭೆಯಲ್ಲಿ ಅಕ್ಕಿಬೇಳೆಗೆ ಮುಂಚೆ ಆ ಪುಸ್ತಕ. ಕಾರ್ಯಕರ್ತೆ ಮೂರು ದಿನಕ್ಕಿಂತ ಹೆಚ್ಚು ಗೈರಾದರೆ ನೋಟಿಸಿಗೆ ಮುಂಚೆ ಮೇಲ್ವಿಚಾರಕಿ ಮನೆಗೆ ಹೋಗಬೇಕು, ಆಕೆಯನ್ನು ಒಬ್ಬಳನ್ನೇ ಮಾತಾಡಿಸಬೇಕು. ಇದಕ್ಕೆ ಸರ್ಕಾರದ ಆದೇಶ ಬೇಕಾಗಲಿಲ್ಲ, ಹಣವೂ ಬೇಕಾಗಲಿಲ್ಲ. 1999ರಲ್ಲೇ ಮಾಡಬಹುದಾಗಿತ್ತು.

ಇನ್ನು ನಿಮ್ಮ ಪುಸ್ತಕದ ವಿಷಯ. ಕೋಪ ಮಾಡಿಕೊಳ್ಳಬೇಡಿ.

ಸ್ತ್ರೀಶಕ್ತಿ ಯೋಜನೆ ನಮ್ಮ ರಾಜ್ಯದಲ್ಲಿ 2000-01ರಲ್ಲಿ ಬಂತು. ಸಂಘ ಕಟ್ಟಿಸಿದವರು ಅಂಗನವಾಡಿ ಕಾರ್ಯಕರ್ತೆಯರು, ಲೆಕ್ಕ ನೋಡುವುದು ನಮ್ಮ ಪಾಲಿನ ಕೆಲಸ. ಒಂದು ಸಂಘದಲ್ಲಿ ಒಂದೇ ವರ್ಷ ಆರು ಸಾಲ ಎಮ್ಮೆಗೆಂದು ಬರೆದಿತ್ತು. ಸಂತೋಷವಾಯಿತು. ಅದೇ ಊರಿನ ಹಾಲಿನ ಡೇರಿಗೆ ಹೋಗಿ, ಹೊಸದಾಗಿ ಎಷ್ಟು ಜನ ಹಾಲು ಹಾಕುತ್ತಿದ್ದಾರೆ ಎಂದು ಕಾರ್ಯದರ್ಶಿಯನ್ನು ಕೇಳಿದೆ. ಆ ಆರು ಹೆಸರಿನಲ್ಲಿ ಒಂದೂ ಇರಲಿಲ್ಲ. ಸಂಘಕ್ಕೆ ವಾಪಸ್ಸು ಬಂದು, "ಎಮ್ಮೆ ಎಲ್ಲಿ ಅಕ್ಕಾ?" ಎಂದೆ. ಒಬ್ಬ ಹಿರಿಯಾಕೆ, "ತಂದಿದೀವಿ ಮೇಡಂ, ಬೀಗರ ಮನೇಲಿ ಕಟ್ಟೈತೆ. ಎರಡು ಚಕ್ರದ ಎಮ್ಮೆ" ಎಂದಳು. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಯಾರೂ ಮಾತಾಡಲಿಲ್ಲ.

ವಾರವಾರ ಹತ್ತು, ಇಪ್ಪತ್ತು ರೂಪಾಯಿ ಕೂಡಿಸಿ ನಾವು ಕಟ್ಟಿದ ಗಂಟು ಅಳಿಯನ ಮೋಟಾರು ಸೈಕಲ್ಲಾಗಿ ಹೋಗುತ್ತಿದೆ. ಅದನ್ನು ತೀರಿಸುವವಳು ತಾಯಿ, ಕೂಲಿ ಮಾಡಿ. ಸೈಕಲ್ಲು ಹೋದ ಮನೆಯಲ್ಲೇ ಮಗಳು ಮತ್ತೆ ಹೊಡೆತ ತಿಂದು ನನ್ನ ಕೆಂಪು ಪುಸ್ತಕಕ್ಕೆ ಬರುತ್ತಾಳೆ. ಎರಡು ಪುಸ್ತಕವನ್ನೂ ನೋಡಿದವಳು ನಾನು, ಅದಕ್ಕೇ ಹೇಳುತ್ತಿದ್ದೇನೆ.

ಒಂದು ಸಂಘದವರು ಇಂಥ ಸಾಲ ಕೊಡುವುದಿಲ್ಲ ಎಂದು ಗೊತ್ತುವಳಿ ಮಾಡಿದರು. ಇಬ್ಬರು ಸದಸ್ಯರು ಸಂಘ ಬಿಟ್ಟರು. ಒಬ್ಬಳು ಹೊರಗಿನ ಸಾಲದ ಕಂಪನಿಯಲ್ಲಿ ಹೆಚ್ಚು ಬಡ್ಡಿಗೆ ತೆಗೆದುಕೊಂಡು ಇನ್ನೂ ಕಷ್ಟಕ್ಕೆ ಬಿದ್ದಳು. ಆದ್ದರಿಂದ ಕೊಡಬೇಡಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವೇನಲ್ಲ. ಆದರೆ ವರದಕ್ಷಿಣೆ ಎಂದು ಗೊತ್ತಿದ್ದೂ ಸಾಲ ಕೊಟ್ಟರೆ ಕಾನೂನಿನ ಕಣ್ಣಿನಲ್ಲಿ ಸಂಘವೂ ನೆರವಾದಂತೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ತೆಗೆದುಕೊಳ್ಳುವುದು, ಕೊಡುವುದು, ಅದಕ್ಕೆ ನೆರವಾಗುವುದು ಮೂರೂ ಅಪರಾಧ. ಎಮ್ಮೆ ಎಂದು ಸುಳ್ಳು ಬರೆದರೆ ಇನ್ನೊಂದು ನಷ್ಟ ಇದೆ. ಮುಂದೆ ಮಗಳಿಗೆ ಕಷ್ಟ ಬಂದಾಗ ಹಣ ಕೊಟ್ಟದ್ದಕ್ಕೆ ಸಾಕ್ಷಿ ಬೇಕಲ್ಲ, ನಿಮ್ಮ ಪುಸ್ತಕವೇ ನಿಮಗೆ ಎದುರು ಸಾಕ್ಷಿ ಹೇಳುತ್ತದೆ.

ಹುಡುಗನ ಕಡೆಯವರು ಇಷ್ಟು ಕೇಳಿದರು ಎಂದು ಸದಸ್ಯೆ ಸಭೆಯಲ್ಲಿ ಹೇಳಿದರೆ, ಆ ಮಾತನ್ನು ಅದೇ ದಿನ ನಡವಳಿ ಪುಸ್ತಕದಲ್ಲಿ ಬರೆಯಿರಿ: ಯಾರು ಕೇಳಿದರು, ಎಷ್ಟು, ಯಾರ ಎದುರಿಗೆ. ಎಲ್ಲರೂ ಸಹಿ ಮಾಡಿ, ಹೆಬ್ಬೆಟ್ಟಾದರೂ ಸರಿ. ಕೊಟ್ಟಾಗಿದೆ, ಈಗ ದೂರು ಹೇಳಿದರೆ ನಮ್ಮನ್ನೇ ಹಿಡಿಯುತ್ತಾರೆ ಎಂದು ಹೆದರುವವರು ಇದ್ದಾರೆ. ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ಮೇಲೇ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯ್ದೆಯ 7ನೇ ಕಲಮಿನಲ್ಲಿದೆ. ಮದುವೆಯಲ್ಲಿ ಬೇರೆಯವರ ಕೈ ಸೇರಿದ ವರದಕ್ಷಿಣೆಯನ್ನು ಮೂರು ತಿಂಗಳೊಳಗೆ ಹುಡುಗಿಗೆ ವರ್ಗಾಯಿಸಬೇಕು ಎಂದು 6ನೇ ಕಲಂ. ಇದನ್ನು ಕೇಳಿ ಪಡೆದವರನ್ನು ನನ್ನ ನೌಕರಿಯಲ್ಲಿ ನಾನು ನೋಡಲಿಲ್ಲ. ಕೇಳಬಹುದು ಎಂದು ಗೊತ್ತಿದ್ದವರನ್ನೇ ನೋಡಲಿಲ್ಲ.

ಪಕ್ಕದ ಮನೆಯ ಹೆಣ್ಣಿಗೆ ಹೊಡೆತ ಬೀಳುತ್ತಿದೆ ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ. ವಕೀಲರಿಗೆ ಹಣವಿಲ್ಲ ಎನ್ನಬೇಡಿ, ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 498ಎ ಎಂದು ನಾವು ಹೇಳುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿವೆ, ವರದಕ್ಷಿಣೆ ಸಾವಿನದು 80. ಠಾಣೆಯಲ್ಲಿ ಹಳೆಯ ನಂಬರು ಹೇಳಿದರೂ ಪರವಾಗಿಲ್ಲ, ನಡೆದದ್ದನ್ನು ಸರಿಯಾಗಿ ಹೇಳಿ. ಆಸ್ಪತ್ರೆಯಲ್ಲಿ ಮಾತ್ರ 'ಜಾರಿ ಬಿದ್ದೆ' ಎನ್ನಬೇಡಿ. ಯಾರು ಹೊಡೆದರು ಎಂದು ವೈದ್ಯರಿಗೆ ಹೇಳಿ, ಬರೆದುಕೊಳ್ಳಿ ಎನ್ನಿ. ಜೊತೆಗೆ ಹೋದವರು ಅತ್ತೆಯಾಗಿರದೆ ಸಂಘದವರಾಗಿದ್ದರೆ ಹೇಳುವುದು ಸುಲಭ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಅಧಿಕಾರಿ ಸಿಗಲಿಲ್ಲ, ಮೀಟಿಂಗಿಗೆ ಹೋಗಿದ್ದಾರೆ ಎಂದರೆ ಅರ್ಜಿ ಕೊಟ್ಟು ಬಂದುಬಿಡಬೇಡಿ. ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಮಾರನೆಯ ದಿನ ನಾಲ್ಕು ಜನ ಹೋಗಿ. ಅದರ ಮಾರನೆಯ ದಿನ ಎಂಟು ಜನ ಹೋಗಿ. ಮಾರ್ಚ್ ತಿಂಗಳಾದರೆ ಇಡೀ ಸಂಘವೇ ಹೋಗಿ ಜಗಲಿಯ ಮೇಲೆ ಕುಳಿತುಕೊಳ್ಳಿ. ಆ ಸಹಾಯಕಿ ಕುಳಿತಂತೆ.

ಊಟಕ್ಕೆ ಮುಂಚೆ ಒಂದು ಕೆಲಸ ಇದೆ. ಸಾಲದ ಪುಸ್ತಕ, ನಡವಳಿ ಪುಸ್ತಕ ತಂದಿರುವ ಸಂಘದವರು ಆ ಬದಿಯ ಮೇಜಿಗೆ ಬನ್ನಿ. ಯಾರದನ್ನೂ ಗಟ್ಟಿಯಾಗಿ ಓದುವುದಿಲ್ಲ. ಎಮ್ಮೆಗಳನ್ನು ಎಣಿಸೋಣ.